ಸೌದೆಯಿಂದ ಮನೆ ಬೆಚ್ಚಗಿಡುವುದು: ಕಟ್ಟಿಗೆ ಸೀಳುವುದರಿಂದ ಚಿಮಣಿ ಗುಡಿಸುವವರೆಗೆ

ಮನೆ ಬೆಚ್ಚಗಿಡಬೇಕು ಅಂದುಕೊಂಡವರು ಮೊದಲು ಒಲೆ ನೋಡಲು ಹೊರಡುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ಉಲ್ಟಾ. ಮೊದಲು ಸೌದೆ, ಆಮೇಲೆ ಚಿಮಣಿ, ಕೊನೆಗೆ ಒಲೆ. ಎಷ್ಟೇ ಒಳ್ಳೆಯ ಒಲೆ ತಂದರೂ ಹಸಿ ಸೌದೆ ಹಾಕಿದರೆ ಅದು ಹೊಗೆ ಕಾರುತ್ತದೆ, ಗಾಜು ಕಪ್ಪಾಗುತ್ತದೆ, ಕೋಣೆ ತಣ್ಣಗೇ ಇರುತ್ತದೆ. ಸಾಧಾರಣ ಒಲೆಗೂ ಒಣ ಸೌದೆ ಮತ್ತು ನೆಟ್ಟನೆಯ ಚಿಮಣಿ ಸಿಕ್ಕರೆ ಸಾಕು, ಮನೆಮಂದಿಯೆಲ್ಲ ಅದರ ಸುತ್ತ ಬಂದು ಕೂರುತ್ತಾರೆ.

ನಾನು ಇದನ್ನು ಕಲಿತದ್ದು ಒಂದು ಕೆಟ್ಟ ಚಳಿಗಾಲದಲ್ಲಿ. ಚೆನ್ನಾಗಿ ಒಣಗಿದೆ ಎಂದು ಒಬ್ಬರು ಮಾರಿದ ಸೌದೆಯನ್ನು ನಂಬಿ ತಂದಿದ್ದೆ. ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಬರುತ್ತಿತ್ತು, ಸುಂಯ್ ಎನ್ನುತ್ತಿತ್ತು, ಉರಿ ಮಾತ್ರ ಏಳುತ್ತಿರಲಿಲ್ಲ. ಮೂರೇ ತಿಂಗಳಲ್ಲಿ ಚಿಮಣಿಯ ಒಳಗೆಲ್ಲ ಡಾಂಬರಿನಂಥ ಅಂಟು ಕಟ್ಟಿತ್ತು. ಆ ಅಂಟಿಗೆ ಒಂದು ಕಿಡಿ ತಗುಲಿದ್ದರೂ ಮನೆಯೇ ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಸೌದೆಯಿಂದಲೇ ಶುರು ಮಾಡುತ್ತೇನೆ.

ಸೌದೆ ಹೇಗೆ ಉರಿಯುತ್ತದೆ

ಇದನ್ನು ತಿಳಿದುಕೊಂಡರೆ ಮುಂದಿನ ಅರ್ಧ ಮಾತು ನಾನು ಹೇಳದೆಯೇ ನಿಮಗೆ ಹೊಳೆಯುತ್ತದೆ. ಸೌದೆ ಮೂರು ಹಂತದಲ್ಲಿ ಉರಿಯುತ್ತದೆ. ಮೊದಲು ಒಳಗಿನ ನೀರು ಆವಿಯಾಗಿ ಹೋಗಬೇಕು. ಆಮೇಲೆ ಕಾವು 200 ಡಿಗ್ರಿ ದಾಟುತ್ತಿದ್ದಂತೆ ಮರ ಒಡೆದು ಅನಿಲವಾಗುತ್ತದೆ. ನಾವು ಹೊಗೆ ಅನ್ನುವುದು ಇದನ್ನೇ. ಈ ಅನಿಲ ಪೂರ್ತಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಕಾವು ಬೇಕು, ಜೊತೆಗೆ ಧಾರಾಳವಾಗಿ ಗಾಳಿ ಬೇಕು. ಕೊನೆಗೆ ಉಳಿಯುವುದು ಕೆಂಡ. ಅದು ಹೊಗೆಯಿಲ್ಲದೆ, ಸಣ್ಣ ನೀಲಿ ಜ್ವಾಲೆಯಲ್ಲಿ ನಿಧಾನಕ್ಕೆ ಉರಿಯುತ್ತದೆ.

ಸೌದೆಯಲ್ಲಿರುವ ಶಾಖದ ಅರ್ಧಕ್ಕಿಂತ ಜಾಸ್ತಿ ಪಾಲು ಇರುವುದು ನಡುವಿನ ಹಂತದ ಆ ಅನಿಲದಲ್ಲಿ. ಅಂದರೆ ಹೊಗೆ ಎಂದರೆ ಉರಿಯದೆ ಹೊರಗೆ ಹೋದ ಸೌದೆ. ನೀವು ಹೊತ್ತು ತಂದ, ಸೀಳಿದ, ಒಣಗಿಸಿದ ಸೌದೆ. ಹೊಗೆಯನ್ನೂ ಉರಿಸಿದರೆ ಮನೆ ಬೆಚ್ಚಗಾಗುತ್ತದೆ, ಚಿಮಣಿ ಶುದ್ಧವಾಗಿರುತ್ತದೆ, ಅಕ್ಕಪಕ್ಕದವರು ಉಸಿರಾಡುವ ಗಾಳಿಯೂ ಕೆಡುವುದಿಲ್ಲ.

ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 0.7 ಕಿಲೋವ್ಯಾಟ್ ಗಂಟೆ ಶಾಖ ಹೋಗುತ್ತದೆ. ಆದರೆ ದೊಡ್ಡ ನಷ್ಟ ಇದಲ್ಲ. ನೀರು ಆವಿಯಾಗುವಾಗ ಒಲೆಯ ಒಳಗಿನ ಕಾವು ಇಳಿಯುತ್ತದೆ, ಅನಿಲ ಹೊತ್ತಿಕೊಳ್ಳುವುದೇ ಇಲ್ಲ, ಹಾಗೇ ಚಿಮಣಿ ಹತ್ತಿ ಹೋಗುತ್ತದೆ. ಅದಕ್ಕೇ ಸೌದೆಯ ತೇವ ತೂಕದ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು ಅನ್ನುವುದು. ಅಷ್ಟು ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಕಿಲೋವ್ಯಾಟ್ ಗಂಟೆ ಶಾಖ ಇರುತ್ತದೆ.

ಯಾವ ಮರ, ಎಷ್ಟು ಸೌದೆ

ಯಾವ ಮರ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ದೊಡ್ಡ ಪ್ರಶ್ನೆ ಅದು ಒಣಗಿದೆಯೇ ಎಂಬುದು. ಒಂದು ಕಿಲೋ ಜಾಲಿಯಾಗಲಿ ಒಂದು ಕಿಲೋ ಪೈನ್ ಆಗಲಿ, ಎರಡೂ ಒಂದೇ ಸಮ ಒಣಗಿದ್ದರೆ ಸಿಗುವ ಶಾಖ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಜಾಲಿ, ಗಾಳಿ ಮರ, ಓಕ್, ಬೀಚ್‌ನಂಥ ಗಟ್ಟಿ ಮರ ಚಿಕ್ಕ ಜಾಗದಲ್ಲಿ ಜಾಸ್ತಿ ತೂಗುತ್ತದೆ, ನಿಧಾನಕ್ಕೆ ಉರಿಯುತ್ತದೆ, ಒಳ್ಳೆಯ ಕೆಂಡ ಬಿಡುತ್ತದೆ. ಪೈನ್, ಪಾಪ್ಲರ್‌ನಂಥ ಹಗುರ ಮರ ಬೇಗ ಹೊತ್ತಿ ಬೇಗ ಮುಗಿಯುತ್ತದೆ. ಹಚ್ಚಲು ಹಗುರದ್ದು, ಕಾವು ಉಳಿಸಲು ಗಟ್ಟಿಯದು ಎಂದು ಎರಡನ್ನೂ ಇಟ್ಟುಕೊಂಡರೆ ಅನುಕೂಲ.

ಕೆಲವನ್ನು ಒಲೆಗೆ ಹಾಕಲೇಬಾರದು. ಬಣ್ಣ ಅಥವಾ ವಾರ್ನಿಶ್ ಬಳಿದ ಮರ, ಪ್ಲೈವುಡ್, ಗೆದ್ದಲು ಹಿಡಿಯದಂತೆ ಔಷಧಿ ಹಾಕಿದ ಮರ, ಪ್ಲಾಸ್ಟಿಕ್, ಮನೆಯ ಕಸ ಇವೆಲ್ಲ ವಿಷದ ಹೊಗೆ ಬಿಡುತ್ತವೆ. ಸಮುದ್ರದಲ್ಲಿ ತೇಲಿ ಬಂದ ಮರದ ಉಪ್ಪು ಒಲೆಯ ಕಬ್ಬಿಣವನ್ನೇ ತಿನ್ನುತ್ತದೆ. ಕಣಗಿಲೆ ಗಿಡವಂತೂ ಬೇಡವೇ ಬೇಡ, ಅದರ ಹೊಗೆಯೂ ವಿಷ.

ಎಷ್ಟು ಬೇಕು ಎಂಬ ಲೆಕ್ಕ ಹೀಗೆ. ಕೋಣೆಯ ಉದ್ದ, ಅಗಲ, ಎತ್ತರವನ್ನು ಮೀಟರಿನಲ್ಲಿ ಗುಣಿಸಿ. ಬಂದದ್ದನ್ನು 14ರಿಂದ ಭಾಗಿಸಿದರೆ ಎಷ್ಟು ಕಿಲೋವ್ಯಾಟಿನ ಒಲೆ ಬೇಕೆಂಬ ಅಂದಾಜು ಸಿಗುತ್ತದೆ. ಕಿಟಕಿ ಬಾಗಿಲು ಸಂದಿಯಲ್ಲಿ ಗಾಳಿ ನುಗ್ಗುವ ಮನೆಯಾದರೆ 10ರಿಂದ ಭಾಗಿಸಿ. ಗೋಡೆ, ಚಾವಣಿಗೆ ಚೆನ್ನಾಗಿ ಶಾಖ ತಡೆ ಹಾಕಿದ ಮನೆಯಾದರೆ 20ರಿಂದ ಭಾಗಿಸಿದರೂ ಸರಿ. 5 ಮೀಟರ್ ಉದ್ದ, 4 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆ 50 ಘನ ಮೀಟರ್. 14ರಿಂದ ಭಾಗಿಸಿದರೆ ಸುಮಾರು 3.6 ಕಿಲೋವ್ಯಾಟ್.

ಒಳ್ಳೆಯ ಮುಚ್ಚಿದ ಒಲೆ ಸೌದೆಯ ಶಾಖದಲ್ಲಿ ಮುಕ್ಕಾಲು ಪಾಲನ್ನು ಕೋಣೆಗೆ ಕೊಡುತ್ತದೆ ಅಂದುಕೊಳ್ಳಿ. ಆಗ ಒಂದು ಕಿಲೋಗೆ 3 ಕಿಲೋವ್ಯಾಟ್ ಗಂಟೆ ಸಿಕ್ಕಿತು. ಈ ಕೋಣೆಗೆ ಗಂಟೆಗೆ 1.2 ಕಿಲೋ ಸೌದೆ ಸಾಕು. ದಿನಕ್ಕೆ 8 ಗಂಟೆಯಂತೆ 100 ದಿನ ಉರಿಸಿದರೆ 960 ಕಿಲೋ, ಅಂದರೆ ಸುಮಾರು ಒಂದು ಟನ್. ಗಟ್ಟಿ ಮರವನ್ನು ನೀಟಾಗಿ ಒಟ್ಟಿದರೆ ಇದಕ್ಕೆ ಎರಡು ಘನ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗ ಬೇಕು. ಕೊಳ್ಳುವಾಗ ತೂಕಕ್ಕಿಂತ ಗಾತ್ರದ ಲೆಕ್ಕದಲ್ಲಿ ಕೊಳ್ಳಿ. ಹಸಿ ಸೌದೆಯನ್ನು ತೂಕಕ್ಕೆ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ.

ಸೀಳುವುದು

ಕೊಂಡ ಸೌದೆಯನ್ನೂ ಒಮ್ಮೊಮ್ಮೆ ಸೀಳಬೇಕಾಗುತ್ತದೆ. ಹಾಗಾಗಿ ಹತ್ಯಾರ ಇರಲಿ. ಮರ ಕಡಿಯುವ ತೆಳು ಬಾಯಿಯ ಕೊಡಲಿ ಸೀಳಲು ಒಳ್ಳೆಯದಲ್ಲ, ಅದು ಮರದಲ್ಲಿ ಕಚ್ಚಿಕೊಳ್ಳುತ್ತದೆ. ಸೀಳಲು ಬೇಕಾದದ್ದು ದಪ್ಪ ತಲೆಯ, 3 ಕಿಲೋ ಆಸುಪಾಸಿನ ಭಾರದ ಕೊಡಲಿ. ಅದು ಕತ್ತರಿಸುವುದಿಲ್ಲ, ಎಳೆಗಳನ್ನು ಅಗಲಿಸುತ್ತದೆ. ಗಂಟು ಗಂಟಾದ ತುಂಡುಗಳಿಗೆ ಒಂದೆರಡು ಕಬ್ಬಿಣದ ಬೆಣೆ, ಒಂದು ದೊಡ್ಡ ಸುತ್ತಿಗೆ ಬೇಕು. ಬೆಣೆಯ ತಲೆ ಏಟು ತಿಂದು ಅಣಬೆಯಂತೆ ಅರಳಿದ್ದರೆ ಉಜ್ಜಿ ಸರಿಮಾಡಿ. ಇಲ್ಲದಿದ್ದರೆ ಆ ಅಂಚಿನ ಚೂರು ಗುಂಡಿನಂತೆ ಹಾರುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಇಲ್ಲದೆ ಕೊಡಲಿ ಎತ್ತಬೇಡಿ.

ನೆಲದ ಮೇಲೆ ಇಟ್ಟು ಸೀಳಬಾರದು. ಮೊಣಕಾಲಿಗಿಂತ ಸ್ವಲ್ಪ ತಗ್ಗಿನ ಅಗಲವಾದ ಕೊರಡು ಇಟ್ಟು, ಅದರ ಮೇಲೆ ತುಂಡು ನಿಲ್ಲಿಸಿ. ಕಾಲು ಅಗಲಿಸಿ ನಿಂತುಕೊಳ್ಳಿ. ಏಟು ತಪ್ಪಿದರೆ ಕೊಡಲಿ ಕೊರಡಿಗೆ ಬೀಳಬೇಕು, ನಿಮ್ಮ ಕಾಲಿಗಲ್ಲ. ತುಂಡಿನ ತುದಿಯಲ್ಲಿ ಆಗಲೇ ಬಿರುಕು ಬಿಟ್ಟಿರುವ ಗೆರೆ ನೋಡಿ, ಅದರ ಮೇಲೇ ಹೊಡೆಯಿರಿ. ದಪ್ಪ ತುಂಡಾದರೆ ನಡುವೆ ಹೊಡೆಯುವ ಬದಲು ಅಂಚಿನಿಂದ ಒಂದೊಂದೇ ಚಕ್ಕೆ ತೆಗೆಯುತ್ತ ಬನ್ನಿ. ಕೊರಡಿನ ಮೇಲೆ ಒಂದು ಹಳೇ ಟೈರ್ ಕೂರಿಸಿ ಅದರೊಳಗೆ ತುಂಡು ನಿಲ್ಲಿಸಿದರೆ ಸೀಳುಗಳು ಚೆಲ್ಲಾಡುವುದಿಲ್ಲ, ಬಗ್ಗಿ ಬಗ್ಗಿ ಎತ್ತುವ ಶ್ರಮವೂ ಉಳಿಯುತ್ತದೆ. ನನ್ನ ಸೊಂಟ ಉಳಿದಿರುವುದು ಈ ಟೈರಿನಿಂದಲೇ.

ಉದ್ದ ನಿಮ್ಮ ಒಲೆಯ ಒಳ ಅಳತೆಗಿಂತ ಐದಾರು ಸೆಂಟಿಮೀಟರ್ ಕಡಿಮೆ ಇರಲಿ. ದಪ್ಪ 8ರಿಂದ 12 ಸೆಂಟಿಮೀಟರ್ ಸಾಕು. ಬಹಳಷ್ಟು ಮರ ಹಸಿ ಇರುವಾಗಲೇ ಸುಲಭವಾಗಿ ಸೀಳುತ್ತದೆ. ತೊಗಟೆ ನೀರನ್ನು ಹೊರಗೆ ಬಿಡದ ಕವಚ ಇದ್ದಂತೆ, ಸೀಳಿದಾಗಲೇ ಒಳಗಿನ ತೇವಕ್ಕೆ ದಾರಿ ಸಿಗುವುದು. ಆದ್ದರಿಂದ ಒಣಗಿದ ಮೇಲೆ ಸೀಳೋಣ ಎಂದು ಕಾಯಬೇಡಿ. ಸೀಳಿ ಒಣಗಿಸಿ.

ದಿಮ್ಮಿ ತುಂಡು ಮಾಡಲು ಮೋಟಾರ್ ಗರಗಸ ಬಳಸುವವರಿಗೆ ಒಂದೇ ಮಾತು. ಗೊತ್ತಿರುವವರ ಪಕ್ಕ ನಿಂತು ಕಲಿಯಿರಿ, ಒಬ್ಬರೇ ಇರುವಾಗ ಬಳಸಬೇಡಿ, ಪಟ್ಟಿಯ ತುದಿ ಯಾವುದಕ್ಕೂ ತಾಗದಂತೆ ನೋಡಿಕೊಳ್ಳಿ. ತುದಿ ತಾಗಿದರೆ ಗರಗಸ ನಿಮ್ಮ ಮುಖದ ಕಡೆಗೇ ಚಿಮ್ಮುತ್ತದೆ.

ಒಟ್ಟುವುದು, ಒಣಗಿಸುವುದು

ಸೌದೆಯನ್ನು ಒಣಗಿಸುವುದು ಬಿಸಿಲಿಗಿಂತ ಹೆಚ್ಚಾಗಿ ಗಾಳಿ. ರಾಶಿ ಸುರಿದರೆ ನಡುವಿನದು ಕೊಳೆಯುತ್ತದೆ. ನೆಲದಿಂದ 15 ಸೆಂಟಿಮೀಟರ್ ಎತ್ತರಕ್ಕೆ ಕಂಬಿ, ಕಲ್ಲು ಅಥವಾ ಹಲಗೆ ಹಾಕಿ, ಅದರ ಮೇಲೆ ಒಂದೇ ಸಾಲಾಗಿ ಒಟ್ಟಿ. ಗಾಳಿ ಬೀಸುವ ದಿಕ್ಕಿಗೆ ಸಾಲಿನ ಅಗಲ ಮುಖ ಇರಲಿ. ಸಾಲಿನ ಎರಡು ತುದಿಯಲ್ಲಿ ಸೀಳುಗಳನ್ನು ಅಡ್ಡ, ಉದ್ದ ಎಂದು ಒಂದರ ಮೇಲೊಂದು ಬದಲಿಸಿ ಕಟ್ಟಿದರೆ ಒಟ್ಟಿಲು ಜರಿಯುವುದಿಲ್ಲ.

ಮೇಲೆ ಮಾತ್ರ ತಗಡು ಅಥವಾ ಟಾರ್ಪಾಲ್ ಮುಚ್ಚಿ, ಪಕ್ಕ ತೆರೆದಿರಲಿ. ಸುತ್ತಲೂ ಪ್ಲಾಸ್ಟಿಕ್ ಸುತ್ತಿ ಜೋಪಾನ ಮಾಡಿದೆವು ಅಂದುಕೊಳ್ಳುತ್ತಾರೆ, ಒಳಗೆ ಬೆವರಿ ಬೂಸ್ಟು ಹಿಡಿದಿರುತ್ತದೆ. ಮನೆಯ ಗೋಡೆಗೆ ಒತ್ತಿಯೂ ಒಟ್ಟಬೇಡಿ. ಗೆದ್ದಲಿಗೆ ಅದು ಸೇತುವೆ ಕಟ್ಟಿಕೊಟ್ಟ ಹಾಗೆ. ಹಗುರ ಮರ ಒಣಗಲು ಆರು ತಿಂಗಳು ಸಾಕಾಗಬಹುದು. ಗಟ್ಟಿ ಮರಕ್ಕೆ ಒಂದು ವರ್ಷ, ಓಕ್‌ನಂಥದಕ್ಕೆ ಎರಡು ವರ್ಷವೂ ಹಿಡಿಯುತ್ತದೆ. ಅಂದರೆ ಈ ಚಳಿಗಾಲಕ್ಕೆ ಬೇಕಾದ ಸೌದೆ ಈಗಾಗಲೇ ಒಟ್ಟಿಲಲ್ಲಿ ಒಣಗಿ ಕೂತಿರಬೇಕು. ಪ್ರತಿ ಸಾಲಿಗೂ ಒಟ್ಟಿದ ತಿಂಗಳು, ವರ್ಷ ಬರೆದ ಒಂದು ಹಲಗೆ ಚೂರು ಸಿಕ್ಕಿಸಿ. ಒಂದು ವರ್ಷ ಕಳೆದ ಮೇಲೆ ಯಾವುದು ಹಳೆಯದು ಎಂದು ನೆನಪಿರುವುದಿಲ್ಲ.

ಒಣಗಿದೆಯೇ ಎಂದು ತಿಳಿಯಲು ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಾದರೆ ದಬ್ ಎನ್ನುತ್ತದೆ. ತುದಿಯಲ್ಲಿ ಬಿರುಕು, ಸಡಿಲವಾದ ತೊಗಟೆ, ಕೈಗೆ ಹಗುರ ಇವೂ ಗುರುತುಗಳೇ. ಖಚಿತವಾಗಿ ತಿಳಿಯಬೇಕಾದರೆ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಕೊಳ್ಳಿ. ಹೊರಮೈಗೆ ಚುಚ್ಚಿ ನೋಡಿ ಸಮಾಧಾನ ಪಡಬೇಡಿ. ಸೀಳನ್ನು ಮತ್ತೊಮ್ಮೆ ಸೀಳಿ, ಹೊಸದಾಗಿ ತೆರೆದ ಒಳಮೈಗೆ ಚುಚ್ಚಿ. ಮೀಟರ್ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಒಂದೆರಡು ಸೀಳಿಗೆ ಗುರುತು ಹಾಕಿ, ತಿಂಗಳಿಗೊಮ್ಮೆ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ಒಣ ಹವೆಯಲ್ಲೂ ತೂಕ ಇಳಿಯುವುದು ನಿಂತರೆ, ಆ ಒಟ್ಟಿಲು ತಯಾರು ಎಂದೇ ಅರ್ಥ.

ಒಲೆಯ ಆಯ್ಕೆ

ಗೋಡೆಯೊಳಗಿನ ತೆರೆದ ಅಗ್ಗಿಷ್ಟಿಕೆ ನೋಡಲು ಚೆಂದ. ಆದರೆ ಶಾಖದ ಹೆಚ್ಚಿನ ಪಾಲು ಚಿಮಣಿಯಲ್ಲೇ ಹೋಗುತ್ತದೆ, ಕೋಣೆಗೆ ಸಿಗುವುದು ಹತ್ತು ಹದಿನೈದು ಶೇಕಡಾ ಅಷ್ಟೇ. ಮೇಲಾಗಿ ಅದು ಕೋಣೆಯ ಬೆಚ್ಚನೆ ಗಾಳಿಯನ್ನೂ ಎಳೆದು ಹೊರಗೆ ಹಾಕುತ್ತದೆ. 1790ರ ದಶಕದಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಅಗ್ಗಿಷ್ಟಿಕೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆ ಓರೆ ಮಾಡಿ, ಹೊಗೆ ಹೋಗುವ ಗಂಟಲು ಕಿರಿದು ಮಾಡಿ ತೋರಿಸಿದ. ಶಾಖ ಎದುರಿಗೆ ಬರತೊಡಗಿತು, ಹೊಗೆ ಒಳಗೆ ನುಗ್ಗುವುದು ಕಡಿಮೆಯಾಯಿತು. ಹಾಗಿದ್ದರೂ ಮನೆಯನ್ನು ನಿಜವಾಗಿ ಬೆಚ್ಚಗಿಡಬೇಕಾದರೆ ಬಾಗಿಲಿರುವ ಮುಚ್ಚಿದ ಒಲೆಯೇ ಬೇಕು. ಈಗಾಗಲೇ ಅಗ್ಗಿಷ್ಟಿಕೆ ಇದ್ದರೆ ಅದರೊಳಗೇ ಕೂರುವ ಒಲೆಗಳೂ ಸಿಗುತ್ತವೆ.

ಉಕ್ಕಿನ ತಗಡಿನ ಒಲೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬೀಡು ಕಬ್ಬಿಣದ (ಎರಕದ ಕಬ್ಬಿಣದ) ಒಲೆ ನಿಧಾನಕ್ಕೆ ಕಾಯ್ದು ನಿಧಾನಕ್ಕೆ ಆರುತ್ತದೆ. ಇಟ್ಟಿಗೆ ಕಲ್ಲಿನಿಂದ ಕಟ್ಟುವ ದೊಡ್ಡ ಒಲೆಗಳು ಫಿನ್ಲೆಂಡ್, ರಷ್ಯಾದ ಕಡೆ ಬಹಳ ಹಳೆಯವು. ಅವುಗಳಲ್ಲಿ ಒಂದೆರಡು ಗಂಟೆ ಜೋರಾಗಿ ಉರಿಸಿದರೆ ಸಾಕು, ಆ ಕಲ್ಲಿನ ರಾಶಿ ಇಡೀ ದಿನ ಕಾವು ಬಿಡುತ್ತಿರುತ್ತದೆ. ಹೊಸ ಮನೆ ಕಟ್ಟುವವರು ಇದನ್ನು ಯೋಚಿಸಿ ಅನ್ನುತ್ತೇನೆ. ಟನ್‌ಗಟ್ಟಲೆ ತೂಕ ಇರುವುದರಿಂದ ಅಡಿಪಾಯದಲ್ಲೇ ಅದಕ್ಕೆ ಜಾಗ ಮಾಡಬೇಕು.

ಕೊಳ್ಳುವಾಗ ನೋಡಬೇಕಾದದ್ದು: ಒಳಗೆ ಬೆಂಕಿ ತಾಳುವ ಇಟ್ಟಿಗೆ ಅಥವಾ ಫಲಕ ಇರಬೇಕು, ಅದು ಒಳಗಿನ ಕಾವು ಹಿಡಿದಿಟ್ಟು ಹೊಗೆ ಉರಿಯುವಂತೆ ಮಾಡುತ್ತದೆ. ಮೇಲ್ಭಾಗದಲ್ಲಿ ಬಿಸಿ ಗಾಳಿ ಬಿಡುವ ತೂತುಗಳಿರಬೇಕು. ಅಲ್ಲೇ ಹೊಗೆ ಎರಡನೇ ಸಲ ಹೊತ್ತಿಕೊಳ್ಳುವುದು. ಬಾಗಿಲ ಸುತ್ತ ಸಂದಿ ಮುಚ್ಚುವ ಹಗ್ಗದ ಗ್ಯಾಸ್ಕೆಟ್ ಬಿಗಿಯಾಗಿರಬೇಕು. ಒಂದು ಕಾಗದದ ಚೂರು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಸರಿಯಿಲ್ಲ. ಹಳೇ ಒಲೆ ಕೊಳ್ಳುವಾಗ ಕತ್ತಲಲ್ಲಿ ಒಳಗೆ ಟಾರ್ಚ್ ಹಾಕಿ ನೋಡಿ. ಬಿರುಕಿದ್ದರೆ ಬೆಳಕು ಹೊರಗೆ ಕಾಣುತ್ತದೆ.

ದೊಡ್ಡದಿದ್ದರೆ ಒಳ್ಳೆಯದು ಎಂದು ಬೇಕಾದ್ದಕ್ಕಿಂತ ದೊಡ್ಡ ಒಲೆ ತರಬೇಡಿ. ಕೋಣೆ ಕಾದು ಕೂರಲಾಗದೆ ಗಾಳಿ ಮುಚ್ಚುತ್ತೀರಿ, ಉರಿ ಸಾಯುತ್ತದೆ, ಹೊಗೆ ಏಳುತ್ತದೆ. ಚಿಕ್ಕ ಒಲೆಯಲ್ಲಿ ಜೋರು ಉರಿ ಇದಕ್ಕಿಂತ ಎಷ್ಟೋ ಮೇಲು.

ಒಲೆ ಇಡುವ ಜಾಗ

ಒಲೆಯ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಗೋಡೆಯಿಂದ ಎಷ್ಟು ದೂರ ಇಡಬೇಕೆಂದು ತಯಾರಕರು ಬರೆದಿರುತ್ತಾರೆ. ಅದೇ ಕಡೆಯ ಮಾತು. ಅಂಥ ಪಟ್ಟಿ ಇಲ್ಲದ ಒಲೆಯಾದರೆ ಮರ, ಪರದೆ, ಸೋಫಾ ಹೀಗೆ ಹೊತ್ತಿಕೊಳ್ಳುವ ಯಾವುದರಿಂದಲೂ 90 ಸೆಂಟಿಮೀಟರ್ ದೂರ ಇರಲಿ. ಒಂಟಿ ಪದರದ ಹೊಗೆ ಕೊಳವೆಯಿಂದ 45 ಸೆಂಟಿಮೀಟರ್. ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದು ಧೈರ್ಯ ಮಾಡಬೇಡಿ. ವರ್ಷಗಟ್ಟಲೆ ಕಾವು ತಿಂದ ಮರ ಒಳಗೊಳಗೇ ಇದ್ದಿಲಾಗುತ್ತ ಬಂದು, ಮೊದಲಿಗಿಂತ ಕಡಿಮೆ ಕಾವಿಗೇ ಹೊತ್ತಿಕೊಳ್ಳಬಲ್ಲದು.

ಜಾಗ ಕಡಿಮೆ ಇದ್ದರೆ ಗೋಡೆಗೂ ಒಲೆಗೂ ನಡುವೆ ಒಂದು ತಗಡು ನಿಲ್ಲಿಸಬಹುದು. ಗೋಡೆಯಿಂದ ಎರಡೂವರೆ ಸೆಂಟಿಮೀಟರ್ ಬಿಟ್ಟು, ಕೆಳಗೆ ಮೇಲೆ ತೆರೆದಿಟ್ಟು ನಿಲ್ಲಿಸಬೇಕು. ಆ ಸಂದಿಯಲ್ಲಿ ಗಾಳಿ ಹರಿದು ಗೋಡೆ ತಣ್ಣಗಿರುತ್ತದೆ. ಗೋಡೆಗೇ ಅಂಟಿಸಿ ಹೊಡೆದ ತಗಡು ಸುಮ್ನೆ ಅಲಂಕಾರ, ಕಾವೆಲ್ಲ ಗೋಡೆಗೇ ದಾಟುತ್ತದೆ. ಮರದ ನೆಲವಾದರೆ ಒಲೆಯ ಕೆಳಗೆ ಕಲ್ಲು ಅಥವಾ ಟೈಲ್ಸ್ ಹಾಕಿ, ಬಾಗಿಲಿನ ಮುಂದೆ 45 ಸೆಂಟಿಮೀಟರ್ ತನಕ ಅದು ಚಾಚಿರಲಿ. ಕೆಂಡ ಉರುಳುವುದು ಅಲ್ಲಿಗೇ.

ಬೆಂಕಿಗೆ ಗಾಳಿ ಬೇಕು, ಆ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಸಂದಿಯಿಲ್ಲದ ಹೊಸ ಮನೆಗಳಲ್ಲಿ ಒಲೆಗೆಂದೇ ಹೊರಗಿನಿಂದ ಒಂದು ಕೊಳವೆ ಕೊಡಬೇಕಾಗುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಒಲೆಯ ಹೊಗೆ ಹಿಮ್ಮುಖವಾಗಿ ಕೋಣೆಗೇ ಬರಬಹುದು. ಎರಡನ್ನೂ ಒಟ್ಟಿಗೆ ಓಡಿಸಿ ಮೊದಲ ದಿನವೇ ಪರೀಕ್ಷಿಸಿ.

ಚಿಮಣಿ

ಒಲೆಯನ್ನು ಓಡಿಸುವುದು ಚಿಮಣಿ. ಒಳಗಿನ ಬಿಸಿ ಗಾಳಿ ಹಗುರ, ಅದು ಮೇಲೇರುತ್ತ ಹಿಂದೆಯೇ ಹೊಸ ಗಾಳಿಯನ್ನು ಒಲೆಗೆ ಎಳೆಯುತ್ತದೆ. ಆದ್ದರಿಂದ ಚಿಮಣಿ ಎತ್ತರ ಇರಬೇಕು, ನೆಟ್ಟಗಿರಬೇಕು, ಬಿಸಿಯಾಗಿ ಉಳಿಯಬೇಕು. ಎತ್ತರ ಒಲೆಯಿಂದ ತುದಿಯವರೆಗೆ ನಾಲ್ಕೂವರೆ ಮೀಟರ್ ಆದರೂ ಇರಲಿ. ಮನೆಯ ಒಳಗಿನಿಂದಲೇ ಮೇಲೆ ಹೋಗುವ ಚಿಮಣಿ ಬೆಚ್ಚಗಿದ್ದು ಚೆನ್ನಾಗಿ ಎಳೆಯುತ್ತದೆ. ಹೊರಗೋಡೆಗೆ ತಾಗಿಸಿದ್ದು ತಣ್ಣಗಿದ್ದು ಕಾಟ ಕೊಡುತ್ತದೆ. ಕೊಳವೆಯ ಅಗಲ ಒಲೆಯಿಂದ ಹೊಗೆ ಹೊರಡುವ ಬಾಯಿಯ ಅಗಲದಷ್ಟೇ ಇರಬೇಕು, ಕಿರಿದೂ ಬೇಡ, ತೀರಾ ದೊಡ್ಡದೂ ಬೇಡ.

ಚಾವಣಿ ದಾಟಿದ ಮೇಲೆ ಕನಿಷ್ಠ 3 ಅಡಿ ಎತ್ತರ, ಮತ್ತು 10 ಅಡಿ ದೂರದೊಳಗೆ ಇರುವ ಯಾವುದಕ್ಕಿಂತಲೂ 2 ಅಡಿ ಎತ್ತರ ಎಂಬುದು ಬಹಳ ಕಡೆ ಬಳಸುವ ಲೆಕ್ಕ. ಚಾವಣಿ, ಅಟ್ಟ ದಾಟುವಲ್ಲಿ ಒಂಟಿ ಪದರದ ಕೊಳವೆ ಕೂಡದು. ಅಲ್ಲಿ ಶಾಖ ತಡೆಯುವ ಎರಡು ಪದರದ ಚಿಮಣಿಯೇ ಬೇಕು. ಈ ಕೆಲಸವನ್ನು ಗೊತ್ತಿರುವವರಿಂದ ಮಾಡಿಸಿ, ದುಡ್ಡು ಉಳಿಸುವ ಜಾಗ ಇದಲ್ಲ. ನಿಮ್ಮ ಊರಿನ ಕಟ್ಟಡ ನಿಯಮ ಮತ್ತು ಮನೆಯ ವಿಮೆಯ ಷರತ್ತನ್ನೂ ಮೊದಲೇ ವಿಚಾರಿಸಿ.

ಕೊಳವೆ ತುಂಡುಗಳನ್ನು ಜೋಡಿಸುವಾಗ ಮೇಲಿನ ತುಂಡಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಹೊಗೆ ಮೇಲೆ ಹೋಗುತ್ತದಲ್ಲ, ಉಲ್ಟಾ ಇರಬೇಕಲ್ವಾ ಅನಿಸುತ್ತದೆ. ಆದರೆ ಒಳಗೆ ಇಳಿಯುವ ಕಪ್ಪು ದ್ರವ ಒಲೆಗೇ ಬೀಳಬೇಕು, ಸಂದಿಯಿಂದ ಹೊರಗೆ ಸುರಿಯಬಾರದು. ಪ್ರತಿ ಜೋಡಣೆಗೂ ಮೂರು ಸ್ಕ್ರೂ ಹಾಕಿ. 90 ಡಿಗ್ರಿ ತಿರುವು ಎರಡಕ್ಕಿಂತ ಜಾಸ್ತಿ ಬೇಡ.

ಬೆಂಕಿ ಹಚ್ಚುವುದು

ಹೊಸ ಒಲೆಯಾದರೆ ಮೊದಲ ಮೂರ್ನಾಲ್ಕು ಸಲ ಚಿಕ್ಕ ಬೆಂಕಿ ಮಾಡಿ, ಕಿಟಕಿ ತೆರೆದಿಡಿ. ಬಣ್ಣ ಸುಟ್ಟ ವಾಸನೆ ಬರುತ್ತದೆ, ಆಮೇಲೆ ನಿಲ್ಲುತ್ತದೆ.

ನಾವೆಲ್ಲ ಕೆಳಗೆ ಪುಳ್ಳೆ ಇಟ್ಟು ಮೇಲೆ ಸೌದೆ ಜೋಡಿಸಿ ಹಚ್ಚಿದವರು. ಮುಚ್ಚಿದ ಒಲೆಯಲ್ಲಿ ತಲೆಕೆಳಗಾಗಿ ಮಾಡಿ ನೋಡಿ:

1. ಗಾಳಿಯ ಎಲ್ಲ ಕಿಂಡಿ ಪೂರ್ತಿ ತೆರೆಯಿರಿ. ಚಿಮಣಿಗೆ ಡ್ಯಾಂಪರ್ (ಹೊಗೆಯ ದಾರಿ ತೆರೆದು ಮುಚ್ಚುವ ತಗಡು) ಇದ್ದರೆ ಅದನ್ನೂ.
2. ತಳದಲ್ಲಿ ಎರಡು ಮೂರು ದಪ್ಪ ಸೀಳು, ನಡುವೆ ಸ್ವಲ್ಪ ಸಂದಿ ಬಿಟ್ಟು ಇಡಿ.
3. ಅದರ ಮೇಲೆ ಅಡ್ಡಲಾಗಿ ಎರಡು ಮೂರು ತೆಳು ಸೀಳು.
4. ಅದರ ಮೇಲೆ ಬೆರಳು ಗಾತ್ರದ ಹತ್ತು ಹನ್ನೆರಡು ಒಣ ಪುಳ್ಳೆ, ಅಡ್ಡ ಉದ್ದ ಜೋಡಿಸಿ.
5. ತುತ್ತತುದಿಯಲ್ಲಿ ಗಂಟು ಹಾಕಿದ ಕಾಗದ ಅಥವಾ ಮೇಣದಲ್ಲಿ ಅದ್ದಿದ ಮರದ ಹೊಟ್ಟು ಇಟ್ಟು ಕಡ್ಡಿ ಗೀರಿ. ಸೀಮೆಎಣ್ಣೆ, ಪೆಟ್ರೋಲ್ ಯಾವತ್ತೂ ಬೇಡ.
6. ಬಾಗಿಲನ್ನು ಒಂದೆರಡು ನಿಮಿಷ ಕೂದಲೆಳೆಯಷ್ಟು ತೆರೆದಿಟ್ಟು, ಉರಿ ಹಿಡಿದ ಕೂಡಲೇ ಮುಚ್ಚಿ. ಆ ಎರಡು ನಿಮಿಷ ಒಲೆಯ ಮುಂದಿನಿಂದ ಏಳಬೇಡಿ.

ಇದು ಕೆಲಸ ಮಾಡುವ ಕಾರಣ ಸರಳ. ಕೆಳಗಿನ ಸೌದೆ ನಿಧಾನಕ್ಕೆ ಕಾದು ಬಿಡುವ ಅನಿಲ ಮೇಲಿನ ಉರಿಯನ್ನು ದಾಟಿಯೇ ಹೋಗಬೇಕು, ದಾಟುವಾಗ ಹೊತ್ತಿಕೊಳ್ಳುತ್ತದೆ. ಚಿಮಣಿಯೂ ಬೇಗ ಬಿಸಿಯಾಗುತ್ತದೆ.

ಹೊಗೆ ಕೋಣೆಗೇ ಬರುತ್ತಿದೆ ಅಂದರೆ ಸಾಮಾನ್ಯವಾಗಿ ಚಿಮಣಿಯಲ್ಲಿ ತಣ್ಣನೆ ಗಾಳಿ ಕೂತಿದೆ ಎಂದರ್ಥ. ಒಂದು ಹಾಳೆ ಕಾಗದ ಸುತ್ತಿ ಹೊತ್ತಿಸಿ, ಒಲೆಯೊಳಗೆ ಕೊಳವೆಯ ಬಾಯಿಯ ಹತ್ತಿರ ಹಿಡಿಯಿರಿ. ಗಾಳಿ ಮೇಲಕ್ಕೆ ತಿರುಗಿದ್ದು ಜ್ವಾಲೆಯಲ್ಲೇ ಕಾಣುತ್ತದೆ. ಆಗ ಒಲೆ ಹಚ್ಚಿ. ಅದಕ್ಕೂ ಬಗ್ಗದಿದ್ದರೆ ಹತ್ತಿರದ ಕಿಟಕಿ ಸ್ವಲ್ಪ ತೆರೆಯಿರಿ. ಪ್ರತಿ ದಿನವೂ ಹೀಗೇ ಆದರೆ ಚಿಮಣಿ ಕಟ್ಟಿಕೊಂಡಿರಬಹುದು, ಒಲೆ ಆರಿಸಿ ಪರೀಕ್ಷಿಸಿ.

ದಿನವಿಡೀ ನಡೆಸುವುದು

ಮೊದಲ ಸೌದೆ ಉರಿದು ಕೆಂಡವಾದ ಮೇಲೆ ಕೆಂಡವನ್ನು ಹರವಿ, ಎರಡು ಮೂರು ಸೀಳು ಇಡಿ. ಒಂದೇ ದೊಡ್ಡ ತುಂಡು ಒಂಟಿಯಾಗಿ ಉರಿಯುವುದಿಲ್ಲ. ಸೀಳುಗಳು ಒಂದರ ಕಾವು ಇನ್ನೊಂದಕ್ಕೆ ತಾಗಿಸಿಕೊಂಡು ಉರಿಯುತ್ತವೆ. ಹಾಕಿದ ಕೂಡಲೇ ಗಾಳಿ ಪೂರ್ತಿ ತೆರೆಯಿರಿ, ಎಲ್ಲ ಸೀಳೂ ಚೆನ್ನಾಗಿ ಹೊತ್ತಿದ ಮೇಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಜ್ವಾಲೆ ಬೆಳ್ಳಗೆ, ಹಳದಿಯಾಗಿ ಕುಣಿಯುತ್ತಿದ್ದರೆ ಸರಿ. ಕೆಂಪಗೆ ಸೋಮಾರಿಯಾಗಿ ತೊನೆಯುತ್ತಿದ್ದರೆ ಗಾಳಿ ಸಾಲದು.

ಒಲೆಗಿಂತ ಜಾಸ್ತಿ ಸತ್ಯ ಹೇಳುವುದು ಚಿಮಣಿಯ ತುದಿ. ಹಚ್ಚಿ ಇಪ್ಪತ್ತು ನಿಮಿಷಕ್ಕೆ ಹೊರಗೆ ಹೋಗಿ ಮೇಲೆ ನೋಡಿ. ಹೊಗೆ ಕಾಣಬಾರದು. ಕಾವಿನ ಅಲೆ ಅಥವಾ ಚಳಿಯಲ್ಲಿ ಬೇಗ ಕರಗುವ ಬಿಳಿ ಆವಿ ಇದ್ದರೆ ಪರವಾಗಿಲ್ಲ. ಒಂಟಿ ಪದರದ ಹೊಗೆ ಕೊಳವೆಗೆ ಅಂಟುವ ಮ್ಯಾಗ್ನೆಟ್ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಮೇಲ್ಮೈ 115ರಿಂದ 245 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಒಳ್ಳೆಯದು. ಅದಕ್ಕಿಂತ ಕಡಿಮೆಯಾದರೆ ಹೊಗೆ ಚಿಮಣಿಯ ಗೋಡೆಗೆ ಅಂಟುತ್ತದೆ, ಜಾಸ್ತಿಯಾದರೆ ಒಲೆಗೇ ಪೆಟ್ಟು.

ರಾತ್ರಿಯಿಡೀ ಉಳಿಯಲಿ ಎಂದು ಒಲೆ ತುಂಬ ಸೌದೆ ತುರುಕಿ ಗಾಳಿ ಮುಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಚಿಮಣಿ ಹಾಳಾಗುವುದು ಹೆಚ್ಚಾಗಿ ಅಂಥ ರಾತ್ರಿಗಳಲ್ಲೇ. ಮಲಗುವ ಒಂದು ಗಂಟೆ ಮೊದಲು ಜೋರಾಗಿ ಒಂದು ಬಾರಿ ಉರಿಸಿ, ಕೆಂಡಕ್ಕೆ ಬಿಡಿ. ಬೆಳಗ್ಗೆ ಬೂದಿ ಕೆದಕಿದರೆ ಕೆಂಡ ಇರುತ್ತದೆ, ಪುಳ್ಳೆ ಹಾಕಿ ಎಬ್ಬಿಸಬಹುದು.

ಬೂದಿ, ಮಸಿ, ಮತ್ತು ಜೀವದ ಮಾತು

ಸೌದೆಗೆ ಗಾಳಿ ಮೇಲಿನಿಂದ ಬೇಕು, ಕೆಳಗಿನಿಂದ ಅಲ್ಲ. ಹಾಗಾಗಿ ತಳದಲ್ಲಿ ಎರಡು ಮೂರು ಸೆಂಟಿಮೀಟರ್ ಬೂದಿ ಬಿಟ್ಟೇ ತೆಗೆಯಿರಿ, ಕೆಂಡಕ್ಕೆ ಅದು ಹಾಸಿಗೆ. ತೆಗೆದ ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ ಹಾಕಿ, ಮನೆಯ ಹೊರಗೆ ಕಲ್ಲು ಅಥವಾ ಸಿಮೆಂಟ್ ನೆಲದ ಮೇಲಿಡಿ. ಬೂದಿಯೊಳಗೆ ಕೆಂಡ ಎರಡು ಮೂರು ದಿನವೂ ಜೀವ ಹಿಡಿದಿರಬಲ್ಲದು. ರಟ್ಟಿನ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ, ಕಸದ ತೊಟ್ಟಿಗೆ ಹಾಕಿ ಮನೆ ಸುಟ್ಟುಕೊಂಡವರಿದ್ದಾರೆ. ಪೂರ್ತಿ ಆರಿದ ಬೂದಿಯನ್ನು ಗಿಡಗಳಿಗೆ ಸ್ವಲ್ಪ ಸ್ವಲ್ಪ ಹಾಕಬಹುದು, ಅದರಲ್ಲಿ ಪೊಟ್ಯಾಶ್ ಇದೆ. ಹುಳಿ ಮಣ್ಣು ಬೇಡುವ ಗಿಡಗಳಿಗೆ ಮಾತ್ರ ಬೇಡ. ಒದ್ದೆ ಕಾಗದವನ್ನು ನುಣ್ಣನೆ ಬೂದಿಗೆ ಅದ್ದಿ ಉಜ್ಜಿದರೆ ಆರಿದ ಒಲೆಯ ಗಾಜು ಫಳಫಳ ಆಗುತ್ತದೆ.

ಚಿಮಣಿಯನ್ನು ವರ್ಷಕ್ಕೆ ಒಂದು ಸಲವಾದರೂ, ಚಳಿಗಾಲಕ್ಕೆ ಮುಂಚೆ ಗುಡಿಸಬೇಕು. ಮೊದಲ ವರ್ಷ ನಡುವೆ ಒಮ್ಮೆ ಇಣುಕಿ ನೋಡಿ. ಒಳಗಿನ ಮಸಿ ಪುಡಿಪುಡಿಯಾಗಿದ್ದರೆ ಬ್ರಷ್‌ಗೆ ಬರುತ್ತದೆ. ಹೊಳೆಯುವ ಕಪ್ಪು ಗಾಜಿನಂತೆ ಗಟ್ಟಿಯಾಗಿದ್ದರೆ ಅದು ಕ್ರಿಯೋಸೋಟ್, ಉರಿಯುವ ವಸ್ತು. ಪದರ 3 ಮಿಲಿಮೀಟರ್ ಆಯಿತೆಂದರೆ ಕಾಯಬೇಡಿ, ಅಭ್ಯಾಸ ಇರುವವರನ್ನು ಕರೆಸಿ ತೆಗೆಸಿ.

ಚಿಮಣಿಯೊಳಗೆ ಬೆಂಕಿ ಹತ್ತಿದರೆ ರೈಲು ಬಂದಂಥ ಗುಡುಗು ಸದ್ದು ಕೇಳುತ್ತದೆ, ಒಳಗೆ 1000 ಡಿಗ್ರಿ ದಾಟಬಹುದು. ಒಲೆಯ ಬಾಗಿಲು, ಗಾಳಿ ಕಿಂಡಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಒಲೆಗೆ ನೀರು ಸುರಿಯಬೇಡಿ. ಅದು ಒಮ್ಮೆಲೇ ಆವಿಯಾಗಿ ನಿಮ್ಮನ್ನೇ ಸುಡುತ್ತದೆ, ಬಿಸಿ ಕಬ್ಬಿಣ, ಇಟ್ಟಿಗೆ ಬಿರಿಯುತ್ತದೆ. ಬೆಂಕಿ ಆರಿದ ಮೇಲೂ ಚಿಮಣಿ ಪರೀಕ್ಷೆ ಮಾಡಿಸದೆ ಮತ್ತೆ ಹಚ್ಚಬೇಡಿ.

ಇನ್ನು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಹೊಗೆ ಕಾಣದ ಕೆಂಡದಿಂದಲೂ ಬರುತ್ತದೆ. ಚಿಮಣಿ ಇಲ್ಲದ ಕುಂಡದಲ್ಲಿ ಕೆಂಡ ತುಂಬಿ ಮುಚ್ಚಿದ ಕೋಣೆಯಲ್ಲಿ ಮಲಗುವುದು ಎಷ್ಟೋ ಜೀವ ತೆಗೆದಿದೆ. ಒಲೆ ಇರುವ ಕೋಣೆಗೂ ಮಲಗುವ ಕೋಣೆಗೂ ಒಂದೊಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ತಲೆನೋವು, ವಾಕರಿಕೆ, ಮಂಪರು ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬಂದರೆ ಜ್ವರವೇನೋ ಎಂದು ಕೂರಬೇಡಿ, ಮೊದಲು ಹೊರಗೆ ಓಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಒಲೆಯ ಸುತ್ತ ಗಟ್ಟಿಯಾಗಿ ಬಿಗಿದ ಜಾಲರಿ ಇರಲೇಬೇಕು.

ಚಳಿಗಾಲ ಮುಗಿದ ದಿನವೇ ಒಲೆಯ ಬೂದಿ ಪೂರ್ತಿ ತೆಗೆದುಬಿಡಿ. ಅದು ಗಾಳಿಯ ತೇವ ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗಾಳಿ ಕಿಂಡಿ ಸ್ವಲ್ಪ ತೆರೆದಿಡಿ. ಚಿಮಣಿಯ ತುದಿಯ ಜಾಲರಿ ಹರಿದಿದ್ದರೆ ಆಗಲೇ ಬದಲಿಸಿ, ಇಲ್ಲದಿದ್ದರೆ ಹಕ್ಕಿ ಗೂಡು ಕಟ್ಟಿರುತ್ತದೆ. ಆಮೇಲೆ ಕೊಡಲಿ ತೆಗೆದುಕೊಂಡು ಒಟ್ಟಿಲ ಹತ್ತಿರ ಹೋಗಿ. ಮುಂದಿನ ವರ್ಷದ ಸೌದೆ ಒಣಗಲು ಈಗಿನಿಂದಲೇ ಸಮಯ ಬೇಕು.